ಮೊದಲು ಕಾಲೋ, ಮೊದಲು ಕೈಯೋ?

ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲೊಂದು ಶಾಲಾ ಮೈದಾನ. ಫೆಬ್ರುವರಿಯ ರಾತ್ರಿ, ಗಂಟೆ ಹತ್ತು ದಾಟಿದೆ. ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದಿದೆ. ಲೈನ್ ಮನೆಗಳಿಂದ ಜನ ಸ್ವೆಟರು, ಮಫ್ಲರು ಸುತ್ತಿಕೊಂಡು ಗುಂಪು ಗುಂಪಾಗಿ ಬರುತ್ತಿದ್ದಾರೆ. ನಾಲ್ಕು ಕಂಬಗಳ ದೀಪದ ಕೆಳಗೆ ಕೆಂಪು ಮಣ್ಣಿನ ಅಂಕಣ, ಸುಣ್ಣದ ಪುಡಿಯ ಗೆರೆ. ಹೊನಲು ಬೆಳಕಿನ ಕಬಡ್ಡಿ. ಬನ್ನಿ, ಅಂಪೈರ್ ಮಾಸ್ಟ್ರ ಬೆನ್ನ ಹಿಂದೆ ನಿಂತುಕೊಳ್ಳಿ. ಈ ಆಟದ ಅರ್ಧ ಇರುವುದು ಅವರ ಕಣ್ಣಲ್ಲಿ, ಕಿವಿಯಲ್ಲಿ.

ವಾರವೆಲ್ಲ ಅವರು ಹೈಸ್ಕೂಲಿನ ಪಿ.ಟಿ. ಮಾಸ್ಟ್ರು. ಈಗ ಟೇಪು ಹಿಡಿದು ಅಂಕಣ ಸುತ್ತುತ್ತಿದ್ದಾರೆ. ಉದ್ದ 13 ಮೀಟರ್, ಅಗಲ 10 ಮೀಟರ್. ಆ ಹತ್ತರಲ್ಲಿ ಎರಡೂ ಬದಿಗೆ ಒಂದೊಂದು ಮೀಟರಿನ ಪಟ್ಟಿ: ಅದೇ ಲಾಬಿ. ಒಂದು ಕಡೆ ಲಾಬಿಯ ಗೆರೆ ಮಸುಕಾಗಿದೆ. ‘ಏ ಹುಡುಗ್ರಾ, ಇಲ್ಲಿಗೆ ಇನ್ನೊಂದ್ಸಲ ಸುಣ್ಣ ಹಾಕ್ರೋ. ಗೆರೆ ಕಾಣ್ದೆ ನಾನೇನು ಹೇಳ್ಲಿ?’ ಎನ್ನುತ್ತಾರೆ. ಆಚೆ ಜಗುಲಿಯಲ್ಲಿ ಆಟಗಾರರ ತೂಕ ನಡೆದಿದೆ. ಮಿತಿ 65 ಕೆ.ಜಿ. ಹಗಲು ಕಾಫಿ ಹಣ್ಣು ತೂಗಿದ ತಕ್ಕಡಿಯ ಮೇಲೆ ಈಗ ಹುಡುಗರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಾರೆ.

ಮಾಸ್ಟ್ರು ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆಯುತ್ತಾರೆ. ಒಂದು ಊರಿನದೇ ತಂಡ. ಇನ್ನೊಂದು ಮಾಳ ಘಾಟಿ ಹತ್ತಿ ಕಾರ್ಕಳದ ಕಡೆಯಿಂದ ಬಂದದ್ದು. ಆ ಸೀಮೆಗೆ ಕಬಡ್ಡಿ ಹೊಸದಲ್ಲ. ಭಾರತ ತಂಡದ ನಾಯಕಿಯಾಗಿದ್ದ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳ ತಾಲ್ಲೂಕಿನವರು.

‘ಸೂಪರ್ ಟ್ಯಾಕಲ್ ಉಂಟಾ ಮಾಸ್ಟ್ರೇ?’ ಘಟ್ಟದ ಕೆಳಗಿನ ಹುಡುಗ ಕೇಳುತ್ತಾನೆ.

‘ಉಂಟು. ಮೂರು ಜನ, ಇಲ್ಲಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದ್ರೆ ಎರಡು ಪಾಯಿಂಟು. ಎರಡು ರೈಡ್ ಖಾಲಿ ಹೋದ್ರೆ ಮೂರನೇದರಲ್ಲಿ ಪಾಯಿಂಟ್ ತರ್ಲೇಬೇಕು. ಹತ್ತತ್ತು ನಿಮಿಷದ ಎರಡು ಹಾಫ್. ರಿವ್ಯೂ ಇಲ್ಲ.’

‘ಲಾಬಿಗೆ ಯಾವ ರೂಲ್ಸು ಸಾರ್, ಟಿ.ವಿ.ದಾ?’ ಇದು ಊರಿನ ಕ್ಯಾಪ್ಟನ್.

‘ಅಲ್ಲ. ಫೆಡರೇಷನ್ ರೂಲ್ಸು. ಟಚ್ ಆಗ್ದೆ ಯಾರು ಲಾಬಿಗೆ ಕಾಲಿಟ್ರೂ ಔಟು. ರೈಡರ್ ಆಗ್ಲಿ, ಹಿಡಿಯೋನಾಗ್ಲಿ. ಎಷ್ಟು ಜನ ಹೋದ್ರೆ ಅಷ್ಟೂ ಜನ. ಒಪ್ಪಿಗೆ ತಾನೆ?’

ಇಬ್ಬರೂ ತಲೆಯಾಡಿಸುತ್ತಾರೆ. ಎರಡೇ ನಿಮಿಷದ ಮಾತು. ಆದರೆ ಇದೇ ಮಾತು ಸ್ಪಷ್ಟವಾಗದೆ ಏಷ್ಯನ್ ಗೇಮ್ಸ್ ಫೈನಲ್ಲೇ ನಿಂತುಹೋಗಿತ್ತು. 2023ರ ಅಕ್ಟೋಬರ್ 7, ಚೀನಾದ ಹಾಂಗ್‌ಝೌ. ಭಾರತ 28, ಇರಾನ್ 28. ಕೊನೆಯ ನಿಮಿಷಗಳಲ್ಲಿ ರೈಡಿಗೆ ಹೋದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗಿಳಿದರು. ಇರಾನಿನ ಆಟಗಾರರು ಅವರ ಬೆನ್ನಿಗೇ ನುಗ್ಗಿದರು. ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮದಂತೆ ಎಲ್ಲರೂ ಔಟ್. ಪ್ರೊ ಕಬಡ್ಡಿಯ ಆಗಿನ ಹೊಸ ನಿಯಮದಂತೆ ರೈಡರ್ ಒಬ್ಬನೇ ಔಟ್. ತೀರ್ಪು ಅತ್ತ ಹೋಯಿತು, ಇತ್ತ ಬಂತು. ಆಟಗಾರರು ಅಂಕಣದಲ್ಲೇ ಕುಳಿತರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು. ಭಾರತ 33–29ರಿಂದ ಚಿನ್ನ ಗೆದ್ದಿತು. ಏನು ನಡೆಯಿತೆಂಬುದು ಕ್ಯಾಮೆರಾಗಳಿಗೆಲ್ಲ ಕಂಡಿತ್ತು. ಜಗಳವಾದದ್ದು ಕಂಡದ್ದನ್ನು ಯಾವ ನಿಯಮದಡಿ ಓದಬೇಕು ಎಂಬುದಕ್ಕೆ.

ಇಲ್ಲಿ ಸೀಟಿ ಮೊಳಗಿತು. ಊರಿನ ರೈಡರ್ ಮಧ್ಯದ ಗೆರೆ ದಾಟುತ್ತಾನೆ. ಮಾಸ್ಟ್ರು ಲಾಬಿಯಂಚಿನಲ್ಲಿ ಅವನ ಜೊತೆಗೇ ಅಡ್ಡಡ್ಡ ಸರಿಯುತ್ತಾರೆ, ತಲೆ ಕೊಂಚ ವಾಲಿಸಿ. ಅವರು ಕೇಳಿಸಿಕೊಳ್ಳುತ್ತಿದ್ದಾರೆ. ಕಬಡ್ಡಿ ಕಬಡ್ಡಿ ಎಂಬ ಉಸಿರು ಎದುರಾಳಿಯ ಅಂಗಳದಲ್ಲಿ ಕಡಿದರೆ ರೈಡರ್ ಔಟ್. ಮೈಕಿನಲ್ಲಿ ವೀಕ್ಷಕ ವಿವರಣೆ ಏರುತ್ತಿದೆ, ಪೀಪಿ, ಶಿಳ್ಳೆ, ಹಿಂದೆ ಜನರೇಟರಿನ ಗುಡುಗುಡು. ಮಾಸ್ಟ್ರು ಒಂದು ಕೈ ಎತ್ತಿ ಮೈಕಿನವರಿಗೆ ತಗ್ಗಿಸಿ ಎಂದು ಸನ್ನೆ ಮಾಡುತ್ತಾರೆ. ಧ್ವನಿ ತಗ್ಗುತ್ತದೆ. ಈಗ ನಿಮಗೂ ಕೇಳಿಸುತ್ತದೆ: ತುಟಿಯ ಮೇಲೆ ಓಡುವ ಬಡ್ಡಿ, ಬಡ್ಡಿ, ಬಡ್ಡಿ.

ಅವನು ಬೋನಸ್ ಗೆರೆಗೆ ಕಾಲು ಚಾಚಿದ. ಎದುರಿಗೆ ಏಳು ಜನ ಇದ್ದಾರೆ. ಆರಕ್ಕಿಂತ ಕಡಿಮೆ ಇದ್ದರೆ ಬೋನಸ್ ಇಲ್ಲ. ಜನ ಮುಂದಿನ ಕಾಲು ನೋಡಿ ‘ಬೋನಸ್!’ ಎಂದು ಕೂಗಿದರು. ಮಾಸ್ಟ್ರು ನೋಡಿದ್ದು ಹಿಂದಿನ ಕಾಲನ್ನು. ಮುಂದಿನ ಪಾದ ಗೆರೆ ದಾಟಿ ನೆಲ ಮುಟ್ಟಿದಾಗ ಹಿಂದಿನದು ಗಾಳಿಯಲ್ಲಿರಬೇಕು. ಇವನ ಹೆಬ್ಬೆರಳು ಮಣ್ಣಿನಲ್ಲಿ ಸಣ್ಣದೊಂದು ಗೀರು ಎಳೆದಿದೆ. ಇಬ್ಬನಿಗೆ ಒದ್ದೆಯಾದ ಮಣ್ಣಿನ ಮೇಲೆ ಆ ಗೀರು ಹಾಗೇ ಉಳಿದಿದೆ. ಬೋನಸ್ ಇಲ್ಲ. ಕೂಗಾಟಕ್ಕೆ ಮಾಸ್ಟ್ರು ಮಾತಿನಲ್ಲಿ ಉತ್ತರಿಸುವುದಿಲ್ಲ. ಬಗ್ಗಿ ಗೀರಿನತ್ತ ಬೆರಳು ತೋರಿಸಿ, ಮುಂದಿನ ರೈಡಿಗೆ ಸೀಟಿ ಊದುತ್ತಾರೆ.

ಎರಡನೇ ಹಾಫ್. ಅಂಕಗಳು ಸಮಸಮ. ಘಟ್ಟದ ಕೆಳಗಿನ ರೈಡರ್ ಬಲಬದಿಗೆ, ನಾವು ನಿಂತಲ್ಲಿಗೇ ಬರುತ್ತಿದ್ದಾನೆ. ಊರಿನ ಕಾರ್ನರ್ ಹುಡುಗ ಗೆರೆಗೆ ಅಂಟಿಕೊಂಡು ಕಾಯುತ್ತಿದ್ದಾನೆ. ರೈಡರ್ ತಿರುಗಿದ್ದೇ ತಡ, ಹುಡುಗ ಹಾರಿ ಎರಡೂ ಕೈಯಲ್ಲಿ ಹರಡು ಹಿಡಿದ. ಉಳಿದವರು ಮೇಲೆ ಬಿದ್ದರು. ಮೈದಾನವೇ ಎದ್ದು ನಿಂತಿತು. ಪಟಾಕಿಯೂ ಸಿಡಿಯಿತು.

ಮಾಸ್ಟ್ರು ಕೈ ಚಾಚಿದ್ದು ರೈಡರ್ ಕಡೆಗೆ.

ಹಾರುವ ಮುಂಚೆ ಹುಡುಗನ ಎಡಗಾಲು ಲಾಬಿಯಲ್ಲಿತ್ತು. ಟಚ್ ಆದ ಮೇಲೆ ಲಾಬಿಯೂ ಅಂಕಣವೇ. ಸೆಣಸಾಟದಲ್ಲಿರುವವರು ಅಲ್ಲಿ ಉರುಳಾಡಬಹುದು. ಟಚ್ ಆಗುವ ಮೊದಲು ಅದು ಹೊರಗಿನ ನೆಲ. ಹೊರಗೆ ಹೋದವನು ಹಿಡಿದರೆ ರೈಡರ್ ಔಟಲ್ಲ, ಹಿಡಿದವನೇ ಔಟು.

‘ಕಣ್ ಕಾಣ್ಸಲ್ವಾ ಮಾರಾಯ್ರೇ!’ ಹಗ್ಗದಾಚೆಯಿಂದ ಯಾರೋ ಕೂಗಿದರು. ಊರಿನ ಕ್ಯಾಪ್ಟನ್ ಓಡಿ ಬಂದ. ‘ಸಾರ್, ಕೈ ಮೊದ್ಲು ಬಿತ್ತು ಸಾರ್!’

‘ಕಾಲು ಮೊದ್ಲು ಹೋಯ್ತು ಕಣೋ. ಅವನ ಹಿಮ್ಮಡಿ ನೋಡು.’ ಹುಡುಗನ ಎಡ ಹಿಮ್ಮಡಿಯಲ್ಲಿ ಸುಣ್ಣ. ಅಷ್ಟೇ ಸಾಕ್ಷಿಯಾಗದು, ಬಿದ್ದ ಮೇಲೂ ಅಂಟಿರಬಹುದು. ಮಾಸ್ಟ್ರಿಗೂ ಅದು ಗೊತ್ತು. ಎದುರು ಬದಿಯ ಅಂಪೈರನ್ನು ಕರೆದು ಕೇಳಿದರು. ಅವರೂ ಅದನ್ನೇ ಹೇಳಿದರು. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದಿದ್ದರೆ ರೆಫರಿಯ ಮಾತು. ಇಲ್ಲಿ ಆ ಪ್ರಮೇಯ ಬರಲಿಲ್ಲ. ಸ್ಕೋರರ್ ಅಂಕ ಬರೆದ.

ನಾಲ್ಕೈದು ರೈಡ್ ಕಳೆದಿರಬೇಕು. ಈಗ ಊರಿನ ರೈಡರ್, ಎರಡು ಖಾಲಿ ರೈಡುಗಳ ಮೇಲೆ ತಂಡದ ಮೂರನೇ ರೈಡು. ಸಮಯ ಮುಗಿಯುತ್ತ ಬಂದು, ಯಾರನ್ನೂ ಮುಟ್ಟದೆ ನೇರ ಲಾಬಿಗೆ ಓಡಿದ. ಎದುರಾಳಿಯ ಇಬ್ಬರು ಆವೇಶದಲ್ಲಿ ಬೆನ್ನಟ್ಟಿ ಅವರೂ ಲಾಬಿಗಿಳಿದರು. ಮಾಸ್ಟ್ರು ತಡಮಾಡಲಿಲ್ಲ. ರೈಡರ್ ಔಟ್, ಆ ಕಡೆಗೆ ಒಂದು. ಬೆನ್ನಟ್ಟಿದ ಇಬ್ಬರೂ ಔಟ್, ಈ ಕಡೆಗೆ ಎರಡು. ಘಟ್ಟದ ಕೆಳಗಿನ ಕ್ಯಾಪ್ಟನ್ ಬಾಯಿ ತೆರೆದವನು, ಆಟಕ್ಕೆ ಮುಂಚೆ ತಾನೇ ತಲೆಯಾಡಿಸಿದ್ದು ನೆನಪಾಗಿ ಹಿಂದೆ ಸರಿದ. ಹಾಂಗ್‌ಝೌನಲ್ಲಿ ಒಂದು ಗಂಟೆ ಹಿಡಿದ ತೀರ್ಪು ಇಲ್ಲಿ ಒಂದು ಸೀಟಿಯಲ್ಲಿ ಮುಗಿಯಿತು.

ಇದು ಮಾಸ್ಟ್ರ ಕಣ್ಣು ಚುರುಕಾಗಿದ್ದರಿಂದಷ್ಟೇ ಆದದ್ದಲ್ಲ. ಯಾವ ನಿಯಮ ಎಂದು ಆಟಕ್ಕೆ ಮೊದಲೇ ಹೇಳಿದ್ದರು. ಊರಿನವರಿಗೆ ಕಹಿಯಾದ ಅದೇ ಲಾಬಿಯನ್ನು ಪರವೂರಿನವರಿಗೂ ಅದೇ ಅಳತೆಯಲ್ಲಿ ಅಳೆದರು. ಬೈಗುಳ ತಿಂದ ರಾತ್ರಿಯಲ್ಲೇ ಮತ್ತೆ ಅಷ್ಟೇ ದೃಢವಾಗಿ ಕೈ ಎತ್ತುವುದು ಸುಲಭದ ಮಾತಲ್ಲ. ಇಂಥವರು ಮೂಡಿಗೆರೆ, ಬಾಳೆಹೊನ್ನೂರು, ಕಳಸದ ಮೈದಾನಗಳಲ್ಲಿ ಬೆಳಗಿನ ಜಾವದವರೆಗೆ ನಿಲ್ಲುತ್ತಾರೆ; ಗೆದ್ದ ತಂಡದ ಫೋಟೊದಲ್ಲಿ ಅವರು ಇರುವುದಿಲ್ಲ.

ಸಂಘಟಕರಲ್ಲಿ ನನ್ನದೊಂದು ಕೋರಿಕೆ. ಬಹುಮಾನದ ಮೊತ್ತವನ್ನು ಬ್ಯಾನರಿನ ಮೇಲೆ ದೊಡ್ಡದಾಗಿ ಬರೆಸುತ್ತೀರಿ. ಅದರ ಕೆಳಗೆ ಯಾವ ನಿಯಮದಂತೆ ಆಟ ಎಂದು ಒಂದು ಸಾಲು ಬರೆಸಿ. ಅಂಪೈರುಗಳ ಹೆಸರನ್ನೂ ಹಾಕಿ. ಆಗ ಹಗ್ಗದಾಚೆ ನಿಂತವರಿಗೂ ನಿಯಮ ಗೊತ್ತಿರುತ್ತದೆ. ಗೊತ್ತಿದ್ದವರು ಕೂಗುವ ಮುಂಚೆ ಒಮ್ಮೆ ಕಾರ್ನರ್ ಹುಡುಗನ ಕಾಲು ನೋಡುತ್ತಾರೆ.