ಹಂಚಿನ ಹೊಟ್ಟೆಯ ಅಕ್ಷರ

ಮೊನ್ನೆ ಜೆ.ಪಿ. ನಗರದ ಒಂದು ಫ್ಲಾಟಿನಲ್ಲಿ ಶೂಟಿಂಗ್ ಇತ್ತು. ಶೂಟಿಂಗ್ ಎಂದರೆ ಭಾರಿ ಏನಲ್ಲ. ನಾನು, ನನ್ನ ಫೋನು, ಒಂದು ಟ್ರೈಪಾಡು, ಮತ್ತು ನಿಲ್ಲು ಎಂದ ಕಡೆ ಎಂದೂ ನಿಲ್ಲದ ನನ್ನ ಸಹಾಯಕ ಹುಡುಗ. ನಾವಿಬ್ಬರೂ ಬಾಲ್ಕನಿಯಲ್ಲಿ ಗಿಡ ಜೋಡಿಸುತ್ತಿದ್ದಾಗ ಗಾಳಿಗೆ ಟ್ರೈಪಾಡು ವಾಲಿ, ಫೋನು ಸೋಫಾದ ಮೇಲೆ ಅಂಗಾತ ಬಿದ್ದಿದೆ. ಗೊತ್ತೇ ಆಗಲಿಲ್ಲ. ರಾತ್ರಿ ಎಡಿಟಿಂಗಿಗೆ ಕೂತರೆ ಉದ್ದಕ್ಕೂ ಬರೀ ಸೀಲಿಂಗು: ಜಿಪ್ಸಮ್ಮಿನ ಬಿಳಿ, ಅಂಚಿನಲ್ಲಿ ಅಡಗಿಸಿಟ್ಟ ಎಲ್‌ಇಡಿ ಪಟ್ಟಿಯ ಹಳದಿ, ನಡುವೆ ಒಂದು ಫ್ಯಾನು. ಹಿನ್ನೆಲೆಯಲ್ಲಿ ಮನೆಯೊಡತಿಯ ಅತ್ತೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಾರೆ: "ಅದೇನೋ ವಿಡಿಯೊ ತೆಗೀತಾರಂತೆ, ನನ್ನ ಕುಕ್ಕರ್ ಎಲ್ಲಿ ಬಚ್ಚಿಟ್ಟಿದ್ದಾರೋ ಕಾಣೆ."

ಆ ಸೀಲಿಂಗಿನ ನಕ್ಷೆ ಬಿಡಿಸಿದ್ದು ನಾನೇ. ಏಣಿ ಹತ್ತಿ ಅಳತೆ ನೋಡಿದ್ದೇನೆ, ಕೆಲಸದವರ ಜೊತೆ ಜಗಳ ಕಾದಿದ್ದೇನೆ. ಅದರ ಕೆಳಗೆ ಮಲಗಿ ನೋಡಿದ್ದು ಮಾತ್ರ ಇಲ್ಲ. ನಾವು ಒಳಾಂಗಣ ವಿನ್ಯಾಸದವರು ಮನೆಯನ್ನು ನಿಂತು ನೋಡುವವರು. ರೀಲ್ ಮಾಡುವ ಕಾಲ ಬಂದ ಮೇಲಂತೂ ಬಾಗಿಲ ಮೂಲೆಗೆ ಬೆನ್ನು ಕೊಟ್ಟು, ಎದೆಯೆತ್ತರಕ್ಕೆ ಫೋನು ಹಿಡಿದು, ವೈಡ್ ಆಂಗಲ್ಲಿನಲ್ಲಿ ನೋಡುವವರು. ಅಲ್ಲಿ ವಾಸ ಮಾಡುವವರೋ, ಲೆಕ್ಕ ಹಾಕಿದರೆ, ಮನೆಯನ್ನು ಹೆಚ್ಚು ಹೊತ್ತು ನೋಡುವುದು ಮಲಗಿಕೊಂಡೇ. ಎಡಿಟಿಂಗ್ ಬಿಟ್ಟು ಆ ಖಾಲಿ ಬಿಳಿಯನ್ನೇ ದಿಟ್ಟಿಸುತ್ತಾ ಕೂತೆ. ಅಯ್ಯೋ, ಓದಲಿಕ್ಕೆ ಏನೂ ಇಲ್ಲವಲ್ಲ ಅನ್ನಿಸಿತು.

ಸೂರು ಓದುವ ಚಟ ನನಗೆ ಅಂಟಿದ್ದು ಬಂಟ್ವಾಳದ ಕಡೆಯ ನಮ್ಮ ಹಳೇ ಮನೆಯಲ್ಲಿ. ಒಳಕೋಣೆಗಳಿಗೆ ಹಲಸಿನ ಹಲಗೆಯ ಮುಚ್ಚಿಗೆ ಇತ್ತು. ಜಗಲಿಗೆ ಅದೂ ಇಲ್ಲ, ತಲೆಯೆತ್ತಿದರೆ ನೇರ ಮಾಡು. ಪಕಾಸು, ಅದರ ಮೇಲೆ ರೀಪು, ರೀಪಿಗೆ ಮೂಗು ಸಿಕ್ಕಿಸಿಕೊಂಡು ಸಾಲುಸಾಲು ಹಂಚು. ಮುಚ್ಚಿಗೆಯ ಕೆಳಗೆ ದೊಡ್ಡವರು ಮಲಗುತ್ತಿದ್ದರು. ಜಗಲಿ ಏನಿದ್ದರೂ ಮಕ್ಕಳಿಗೆ, ನೆಂಟರಿಗೆ, ಮೈಯಲ್ಲಿ ಹುಷಾರಿಲ್ಲದವರಿಗೆ. ಹಾಗಾಗಿ ಅಕ್ಷರ ಕಾಣುವ ಭಾಗ್ಯ ನಮ್ಮದು. ಪ್ರತಿ ಹಂಚಿನ ಹೊಟ್ಟೆಯಲ್ಲೂ ಕಂಪನಿಯ ಹೆಸರು, ಊರು, ಇಸವಿ, ಎಲ್ಲ ಉಬ್ಬಕ್ಷರದಲ್ಲಿ. ಬಚ್ಚಲೊಲೆಯ ಹೊಗೆ ಕುಡಿದು ಕಪ್ಪಾದ ಹಂಚಿನಲ್ಲೂ ಅಕ್ಷರದ ಅಂಚು ಗುರುತು ಸಿಗುತ್ತಿತ್ತು. ನಮಗೆ ಶಾಲೆಯಲ್ಲಿ ಇಂಗ್ಲಿಷ್ ಐದನೇ ಕ್ಲಾಸಿನಿಂದ. ಅದಕ್ಕೆ ಮೊದಲೇ ಸೀತಾಳೆ ಸಿಡುಬು ಎದ್ದು, ಬೇವಿನ ಸೊಪ್ಪಿನ ಮೇಲೆ ಮಲಗಿ, ಕೆರೆದುಕೊಳ್ಳಬಾರದು ಎಂಬ ಕಟ್ಟಪ್ಪಣೆಯ ನಡುವೆ ನಾನು ಬಿ, ಎ, ಎಸ್, ಇ, ಎಲ್ ಎಂಬ ಐದು ಅಕ್ಷರ ಕಲಿತಾಗಿತ್ತು.

ಒಂದು ತೊಡಕಿತ್ತು. ನಮ್ಮದು ಬಡಗು ದಿಕ್ಕಿಗೆ ಮುಖ ಮಾಡಿದ ಮನೆ. ಜಗಲಿಯ ಮಾಡಿನ ಅಕ್ಷರಗಳು ನೆಟ್ಟಗೆ ಕಾಣಬೇಕಾದರೆ ಉತ್ತರಕ್ಕೆ ತಲೆ ಹಾಕಿ ಮಲಗಬೇಕು. ಉತ್ತರಕ್ಕೆ ತಲೆ ಹಾಕಲು ಅಜ್ಜಿ ಬಿಡಬೇಕಲ್ಲ! ಹಾಗಾಗಿ ನಾನು ಇಂಗ್ಲಿಷನ್ನು ಮೊದಲು ಕಲಿತದ್ದು ತಲೆಕೆಳಗಾಗಿ. ಅಜ್ಜಿ ಮಧ್ಯಾಹ್ನ ನಿದ್ದೆಗೆ ಜಾರಿದಾಗ ಚಾಪೆ ತಿರುಗಿಸಿಕೊಂಡು ಒಂದಿಷ್ಟು ಹೊತ್ತು ಸರಿಯಾಗಿ ಓದುತ್ತಿದ್ದೆ. ಸಾಲಿನ ನಡುವೆ ಇದ್ದ ಗಾಜಿನ ಹಂಚಿನಿಂದ ಬಿಸಿಲಿನ ತುಂಡೊಂದು ಇಳಿದು ನೆಲದ ಮೇಲೆ ಸರಿಯುತ್ತಿತ್ತು. ಅದು ಕಂಬದ ಬುಡ ಮುಟ್ಟುವಷ್ಟರಲ್ಲಿ ಅಜ್ಜಿ ಏಳುತ್ತಾರೆ, ಚಾಪೆ ಮತ್ತೆ ತಿರುಗಬೇಕು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಊರು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. 1865ರಲ್ಲಿ ನೇತ್ರಾವತಿಯ ದಂಡೆಗೆ, ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು, ಅದನ್ನು ಶುರು ಮಾಡಿದವನು ಜಾರ್ಜ್ ಪ್ಲೆಬ್ಸ್ಟ್ ಎಂಬುದು, ಹೊಳೆಯ ಜೇಡಿಮಣ್ಣು ಹಂಚಾಗಿ ಹಡಗು ಹತ್ತಿ ಸಿಲೋನು, ಬರ್ಮಾ, ಆಫ್ರಿಕದ ಪೂರ್ವ ತೀರದವರೆಗೆ ಹೋದದ್ದು, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. ನನ್ನ ಮನಸ್ಸು ಸಿಕ್ಕಿಹಾಕಿಕೊಂಡಿರುವುದು ಬೇರೊಂದು ಸಣ್ಣ ವಿವರದಲ್ಲಿ. ಈ ಪ್ಲೆಬ್ಸ್ಟ್ ಹಂಚಿಗೆ ಕೈಹಾಕುವ ಮುಂಚೆ ಇದ್ದದ್ದು ಮಿಶನ್ನಿನ ಅಚ್ಚುಕೂಟದಲ್ಲಿ. ಕಸುಬಿನಲ್ಲಿ ಮೆಕ್ಯಾನಿಕ್, ದಿನವೆಲ್ಲ ಒಡನಾಟ ಅಚ್ಚಿನ ಯಂತ್ರ ಮತ್ತು ಮೊಳೆಗಳ ಜೊತೆ. ಅಂಥವನ ಕೈಗೆ ಹಸಿ ಮಣ್ಣು ಸಿಕ್ಕರೆ ಏನಾಗಬೇಕು? ಒತ್ತುವ ಯಂತ್ರ ಇದೆ, ಒತ್ತಿಸಿಕೊಳ್ಳುವ ಮೈ ಇದೆ, ಸುಮ್ಮನೆ ಖಾಲಿ ಬಿಡುವುದುಂಟೇ? ಒಬ್ಬ ಮುದ್ರಕ ಕರಾವಳಿಯ ಊರೂರಿನ ನೆತ್ತಿಯ ಮೇಲೆ ತನ್ನ ಪುಟವನ್ನು ಹಾಸಿ ಹೋದ ಎಂದು ನಾನು ನಂಬಿಕೊಂಡಿದ್ದೇನೆ.

ಇಲ್ಲಿ ಇತಿಹಾಸ ಬಲ್ಲ ಗೆಳೆಯರೊಬ್ಬರು ಅಡ್ಡ ಬಾಯಿ ಹಾಕುತ್ತಾರೆ. ನಮ್ಮ ಹಂಚಿನ ಮೂಲ ಮಾದರಿ ಫ್ರಾನ್ಸಿನದು, ಮಾರ್ಸೇಲಿನ ಕಾರ್ಖಾನೆಯವರೂ ಹಂಚಿನ ಮೇಲೆ ಜೇನ್ನೊಣ, ನಕ್ಷತ್ರ, ಶಿಲುಬೆಗಳನ್ನೆಲ್ಲ ಒತ್ತುತ್ತಿದ್ದರು, ಅದು ಬರೀ ವ್ಯಾಪಾರದ ಗುರುತು, ನಿನ್ನ ಮುದ್ರಕನ ಕಥೆ ನೀನೇ ಕಟ್ಟಿದ್ದು ಎನ್ನುತ್ತಾರೆ. ಇರಬಹುದು. ನಾನು ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಇದ್ದೇನೆ.

ಅದೇ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು. ಕನ್ನಡದ ಮೊದಲ ಪತ್ರಿಕೆ. ಈಗ ಆ ದಿನವನ್ನೇ ನಾವು ಪತ್ರಿಕಾ ದಿನ ಎನ್ನುತ್ತೇವೆ. ಹಂಚು ಬಂದದ್ದು ಅದಾಗಿ ಇಪ್ಪತ್ತೆರಡು ವರ್ಷಕ್ಕೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಕಂಟೆಂಟು ಮೊದಲು, ಕಟ್ಟಡ ಸಾಮಗ್ರಿ ಆಮೇಲೆ. ಈಗ ಓದು ಮುಗಿಸಿ ಬರುವ ಹುಡುಗ ಹುಡುಗಿಯರೂ ಇದೇ ಕ್ರಮದಲ್ಲಿ ನಡೆಯುತ್ತಾರೆ: ಮೊದಲು ಇನ್‌ಸ್ಟಾಗ್ರಾಂ ಪುಟ, ಆಮೇಲೆ ಗಿರಾಕಿ. ನಾನು ಕೂಡ ಮೊದಲ ರೀಲ್ ಮಾಡಿದ್ದು ನನ್ನದೇ ಬಾಡಿಗೆ ಮನೆಯ ಮಸಾಲೆ ಡಬ್ಬಿಯ ಶೆಲ್ಫಿನದು. ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದು ಎಂದಿದ್ದರಿಂದ ಶೆಲ್ಫನ್ನು ಅಡಿಕೆ ಸಲಾಕೆಯಲ್ಲಿ ನಿಲ್ಲಿಸಿದ್ದೆ. ಜನ ನೋಡಿದ್ದು ಆ ಸಲಾಕೆಗಾಗಿ ಎಂದು ಈಗಲೂ ನನ್ನ ಗುಮಾನಿ.

ಈ ಕಂಟೆಂಟಿನ ಒಳಗುಟ್ಟು ಸ್ವಲ್ಪ ಹೇಳಬೇಕು. ನಮ್ಮ ಕೆಲಸದ ಮುಕ್ಕಾಲು ಪಾಲು ತೆಗೆಯುವುದು. ಫ್ರಿಜ್ಜಿನ ಮೇಲಿನ ಔಷಧದ ಡಬ್ಬ, ಸಿಂಕಿನ ಹಸಿರು ಸ್ಕ್ರಬ್ಬರು, ಬ್ಯಾಂಕಿನವರು ಕೊಟ್ಟ ದೇವರ ಕ್ಯಾಲೆಂಡರು, ಟಿ.ವಿ. ಹಿಂದಿನ ವಯರಿನ ಗೊಂಚಲು, ಬಾಲ್ಕನಿಯ ಬಟ್ಟೆ, ಮತ್ತು ಆಗಲೇ ಹೇಳಿದ ಕುಕ್ಕರ್. ಇದೆಲ್ಲ ಮಲಗುವ ಕೋಣೆಯ ಮಂಚದ ಮೇಲೆ ಗುಡ್ಡೆ ಬೀಳುತ್ತದೆ. ಮಲಗುವ ಕೋಣೆಯ ಸರದಿ ಬಂದಾಗ ಗುಡ್ಡೆ ಹಾಲಿಗೆ ವಲಸೆ ಬರುತ್ತದೆ. ಖಾಲಿಯಾದ ಜಾಗಕ್ಕೆ ನನ್ನ ಕಾರಿನ ಡಿಕ್ಕಿಯಿಂದ ಇಳಿಯುವುದು ಒಂದು ಹಿತ್ತಾಳೆ ಉರುಳಿ, ಎರಡು ಮಡಕೆ, ಒಣಹುಲ್ಲಿನ ಒಂದು ಕಟ್ಟು, ಯಾರೂ ಓದಿರದ ದಪ್ಪ ಪುಸ್ತಕ ಮೂರು. ಆ ಉರುಳಿ ಯಲಹಂಕದಿಂದ ಕನಕಪುರ ರಸ್ತೆಯವರೆಗೆ ನಾನು ಮಾಡಿದ ಪ್ರತಿ ಮನೆಯಲ್ಲೂ ಒಂದೊಂದು ದಿನ ಸಂಸಾರ ಮಾಡಿದೆ. ನೀರು ತುಂಬಿ ಸೇವಂತಿಗೆ ಎಸಳು ತೇಲಿಬಿಟ್ಟರೆ ಶಾಟ್ ಸಿದ್ಧ. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಹೆಬ್ಬೆರಳು ನಿಲ್ಲಬೇಕು, ಇಲ್ಲವಾದರೆ ಮಿಕ್ಕದ್ದೆಲ್ಲ ನೀರಿನಲ್ಲಿ ಹೋಮ. ಇನ್ನೊಂದು ಸಂಕಟ, ಮನೆ ಅಡ್ಡಕ್ಕೆ ಹರಡಿಕೊಂಡಿರುತ್ತದೆ, ಫೋನು ಉದ್ದಕ್ಕೆ ನಿಂತಿರುತ್ತದೆ. ಹದಿನೆಂಟಡಿ ಹಾಲನ್ನು ಆ ಸಂದಿಗೆ ತೂರಿಸುವ ಕಷ್ಟ ಮಾಡಿದವರಿಗೇ ಗೊತ್ತು.

ಹಿನ್ನೆಲೆಯ ಮಾತು ಬರೆದುಕೊಡುವವನು ನನ್ನ ಸಹಾಯಕ ಹುಡುಗ. ದನಿ ನನ್ನದು, ಮಾತು ಅವನದು. ಇದರಲ್ಲಿ ನಾಚಿಕೆ ಏನಿಲ್ಲ. ಅಮೆರಿಕದಲ್ಲಿ ನಮ್ಮ ಕಸುಬಿನ ಮೂಲದೇವತೆ ಎನ್ನಿಸಿಕೊಂಡ ಎಲ್ಸಿ ಡಿ ವುಲ್ಫ್ 1913ರಲ್ಲಿ ಪ್ರಕಟಿಸಿದ 'ದಿ ಹೌಸ್ ಇನ್ ಗುಡ್ ಟೇಸ್ಟ್' ಪುಸ್ತಕಕ್ಕೂ ತೆರೆಯ ಹಿಂದೆ ಪೆನ್ನು ಹಿಡಿದವಳು ಬೇರೆ ಹೆಂಗಸು. ಆಕೆ ರೂಬಿ ರಾಸ್ ವುಡ್, ಆಮೇಲೆ ತಾನೇ ದೊಡ್ಡ ವಿನ್ಯಾಸಕಿಯಾದಳು. ನನ್ನ ಹುಡುಗನಿಗೆ ಈ ಕಥೆಯ ಉತ್ತರಾರ್ಧ ನಾನಿನ್ನೂ ಹೇಳಿಲ್ಲ.

ಹಂಚು ರೀಲಿಗೆ ಬಂದದ್ದು ಬೆಂಗಳೂರಿಗರಿಗೆ ಹಳೆಯದರ ಹುಚ್ಚು ಹಿಡಿದ ಮೇಲೆ. ಊರಿನಲ್ಲಿ ಹಂಚಿಳಿಸಿ ತಾರಸಿ ಹಾಕಿಸಿಕೊಂಡವರ ಮಕ್ಕಳೇ ಇಲ್ಲಿ ತಾರಸಿಯ ಮೇಲೆ ಹಂಚು ಹೊದಿಸುತ್ತಾರೆ. ಸೋರಿಕೆಗೂ ಸೆಕೆಗೂ ಸಂಬಂಧವಿಲ್ಲ, ಎಲಿವೇಶನ್ ಚಂದ ಕಾಣಬೇಕು ಅಷ್ಟೇ. ಇಳಿಜಾರು ಕಾಂಕ್ರೀಟಿನ ಮೇಲೆ ಗಾರೆ ಹಾಸಿ ಹಂಚನ್ನು ಅದರಲ್ಲಿ ಅದುಮುತ್ತಾರೆ. ಹೊಟ್ಟೆಯ ಅಕ್ಷರ ಸಿಮೆಂಟಿನಲ್ಲಿ ಹೂತು ಹೋಗುತ್ತದೆ. ಇದನ್ನು ನೋಡಿ ಹೊಟ್ಟೆ ಉರಿದೇ ನಾನೊಬ್ಬ ಗಿರಾಕಿಯನ್ನು ಒಪ್ಪಿಸಿ ಅವರ ಟಿ.ವಿ. ಗೋಡೆಗೆ ಹಳೇ ಹಂಚುಗಳನ್ನು ಮಗುಚಿ ಕೂರಿಸಿದ್ದು, ಅಕ್ಷರ ಈಚೆ ಮುಖಕ್ಕೆ ಬರುವ ಹಾಗೆ. ಒಂದೊಂದು ಹಂಚೂ ಎರಡೂವರೆ ಕೆಜಿಯ ಆಸುಪಾಸು. ಗೋಡೆಯ ಕೆಲಸದವನು ಶಾಪ ಹಾಕುತ್ತಲೇ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟ. ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಪಕ್ಕದಿಂದ ಒಂದು ದೀಪ ಬಿಟ್ಟಾಗ ಒಂದೊಂದು ಅಕ್ಷರವೂ ನೆರಳು ಚೆಲ್ಲಿಕೊಂಡು ಎದ್ದು ನಿಂತಿತು. ನನ್ನ ಪುಟದಲ್ಲಿ ಅಷ್ಟು ಓಡಿದ ರೀಲ್ ಇನ್ನೊಂದಿಲ್ಲ.

ಓಡಿದ್ದಕ್ಕೆ ಕಾರಣ ಬೇರೆ. ಗೋಡೆಯ ತುಂಬ 1865 ಎಂದು ಕಾಣುತ್ತದಲ್ಲ, ಜನ ಹಂಚು 1865ರದ್ದೇ ಎಂದುಕೊಂಡರು. ಹಳೇ ಸಾಮಾನಿನ ಅಂಗಡಿಯವರು ಮಾರುವುದೂ ಹಾಗೆಯೇ. ಅದು ಕಾರ್ಖಾನೆ ಹುಟ್ಟಿದ ಇಸವಿ, ಹಂಚು ಹುಟ್ಟಿದ್ದಲ್ಲ. ಕೇರಳದ ಫೆರೋಕಿನಲ್ಲಿ ಮಿಶನ್ನಿನ ಕಾರ್ಖಾನೆ ಎದ್ದದ್ದು ಎಷ್ಟೋ ದಶಕದ ನಂತರ, ಅಲ್ಲಿನ ಹಂಚಿನ ಮೇಲೂ ಅದೇ 1865. ಎಂ.ಟಿ.ಆರ್.ನ ಬೋರ್ಡಿನಲ್ಲಿ 1924 ಎಂದಿದ್ದರೆ ತಟ್ಟೆಯ ಇಡ್ಲಿ 1924ರದ್ದಾಗುತ್ತದೆಯೇ? ಇಷ್ಟನ್ನು ಬಿಡಿಸಿ ಹೇಳಿ ಇನ್ನೊಂದು ರೀಲ್ ಮಾಡಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ನಂಟಿನ ಆಸ್ತಿ ಎಂದು ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡದ್ದು, ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದದ್ದು, ಹಂಚಿನ ಹೊಟ್ಟೆಯ ಹೆಸರೂ ಬದಲಾದದ್ದು, ಎಲ್ಲ ಹೇಳಿದೆ. ಅದನ್ನು ನೋಡಿದವರಲ್ಲಿ ನನ್ನ ಬಂಧುಗಳೇ ಹೆಚ್ಚು.

ಬಂಧುಗಳಲ್ಲಿ ಯಾರೋ ಅದನ್ನು ಅಪ್ಪನಿಗೆ ಕಳಿಸಿದ್ದಾರೆ. ಅಪ್ಪ ಫೋನು ಮಾಡಿ ಮೊದಲು ಕೇಳಿದ್ದು, "ಮಾಡಿನ ಹಂಚನ್ನು ಮಗುಚಿ ಗೋಡೆಗೆ ಹೊಡೆದಿದ್ದೀಯಲ್ಲ, ಅವರ ಮಾಡಿಗೆ ಏನು ಹಾಕಿದ್ದಾರೆ?" ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಎಂದು ವಿವರಿಸಿದೆ. ಪ್ಲೆಬ್ಸ್ಟನ ಕಥೆಯನ್ನೂ, ಮೊಳೆ ಜೋಡಿಸುವವನ ಕೈಗೆ ಮಣ್ಣು ಸಿಕ್ಕ ನನ್ನ ಸಿದ್ಧಾಂತವನ್ನೂ ಸವಿಸ್ತಾರ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. ವರ್ಷವರ್ಷ ಮಳೆಗೆ ಮುಂಚೆ ಮಾಡು ಹತ್ತಿ ಹಂಚು ಕೈಯಾಡಿಸಿದವರು ಅವರು. "ಅಕ್ಷರ ಯಾಕಿದೆ ಅಂತ ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಒಂದು ಕಂಪನಿಯ ಹಂಚಿನ ಚಡಿಗೆ ಇನ್ನೊಂದು ಕಂಪನಿಯದ್ದು ಕೂರುವುದಿಲ್ಲ. ಒಡೆದರೆ ಯಾವುದು ತರಬೇಕು ಅಂತ ಕೆಳಗೆ ನಿಂತು ಓದಿಕೊಳ್ಳಲಿಕ್ಕೆ ಅದು."

ನಾನು ಮಾತಾಡಲಿಲ್ಲ. ಅಪ್ಪನೇ ಮುಂದುವರಿಸಿದರು. ಹಟ್ಟಿಯ ಮಾಡಿನಲ್ಲಿ ಮಂಗಗಳು ಕುಣಿದು ಹದಿನೈದು ಹಂಚು ಹುಡಿಯಾಗಿವೆ, ಇಲ್ಲಿ ಆ ಕಂಪನಿಯದ್ದು ಎಲ್ಲೂ ಸಿಗುತ್ತಿಲ್ಲ, ನಿನ್ನ ಬೆಂಗಳೂರಿನ ಅಂಗಡಿಯಲ್ಲಿದ್ದರೆ ರಾತ್ರಿ ಬಸ್ಸಿಗೆ ಹಾಕು ಎಂದರು. ಇದ್ದವು. ಆದರೆ ಅಂಗಡಿಯವರು ಹೇಳಿದ ಬೆಲೆ ಕೇಳಿ ಅಪ್ಪನಿಗೆ ಸಿಟ್ಟು ಬಂತು. ಅದು 1865ರ ಬೆಲೆ ಎಂದೆ. ಸ್ವಲ್ಪ ಹೊತ್ತು ಚೌಕಾಸಿ ನಡೆಯಿತು, ಅಂಗಡಿಯವರ ಜೊತೆ ಅಲ್ಲ, ನನ್ನ ಜೊತೆ. ಕಡೆಗೆ ಹೇಳಿದರು: "ಹದಿನೈದು ಸಾಲದು, ಇಪ್ಪತ್ತು ಕಳಿಸು. ಶಿರಾಡಿ ಘಾಟಿ ಇಳಿಯುವಾಗ ಐದು ಒಡೆಯುತ್ತದೆ."