ಸಕ್ಕರೆ ಅಚ್ಚು

ಸಕ್ಕರೆ ಅಚ್ಚು ಎಂಬ ಹೆಸರು ಎರಡಕ್ಕೂ ಸಲ್ಲುತ್ತದೆ: ಸಂಕ್ರಾಂತಿಗೆ ಎಳ್ಳಿನ ಜೊತೆ ಬೀರುವ ಬಿಳಿಯ ಆನೆ, ಗಿಳಿ, ಮಂಟಪಗಳಿಗೂ, ಅವುಗಳನ್ನು ಎರೆಯುವ ಮರದ ತುಂಡುಗಳಿಗೂ. ಹಳೆ ಮೈಸೂರು ಕಡೆಯ ಮನೆಗಳಲ್ಲಿ ಈ ತುಂಡುಗಳು ವರ್ಷವಿಡೀ ಅಟ್ಟದ ಮೇಲಿದ್ದು, ಹಬ್ಬ ಹತ್ತಿರವಾದಾಗ ಕೆಳಗಿಳಿಯುತ್ತವೆ. ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಯುತ್ತವೆ.

ನೆನೆಸುವುದು ಬರಿಯ ಶಾಸ್ತ್ರವಲ್ಲ. ಒಣಮರ ಪಾಕವನ್ನು ಹೀರುತ್ತದೆ. ಹೀರಿದ್ದು ಮರದ ನಾರಿನ ನಡುವೆಯೇ ಹರಳುಗಟ್ಟಿ ಕಚ್ಚಿಕೊಂಡರೆ ಗಿಳಿ ಹೊರಗೆ, ಕೊಕ್ಕು ಒಳಗೆ. ನೆನೆದ ಮರದ ರಂಧ್ರಗಳಲ್ಲಿ ಆಗಲೇ ನೀರು ತುಂಬಿರುವುದರಿಂದ ಪಾಕಕ್ಕೆ ಅಲ್ಲಿ ಎಡೆಯಿಲ್ಲ.

ಗಟ್ಟಿಯಾಗುವ ಗುಟ್ಟು ಪಾಕದಲ್ಲಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ; 100 ಡಿಗ್ರಿಯಲ್ಲಿ 480 ಗ್ರಾಂ ದಾಟುತ್ತದೆ. ಬಿಸಿ ಇಳಿದಂತೆ ಹೆಚ್ಚಾದ ಸಕ್ಕರೆಗೆ ನೀರಿನಲ್ಲಿ ಜಾಗವಿಲ್ಲದಾಗಿ ಅದು ಹರಳಾಗುತ್ತದೆ. ಸಂಸ್ಕೃತದ ‘ಶರ್ಕರಾ’ ಪದಕ್ಕೆ ಸಕ್ಕರೆಯ ಜೊತೆಗೆ ಹರಳು ಮರಳು ಎಂಬ ಅರ್ಥವೂ ಇದೆ. ಹೆಸರಿಟ್ಟವರು ಕಣ್ಣಿಟ್ಟು ನೋಡಿದ್ದರು. ಅದೇ ಸಕ್ಕರೆಯನ್ನು 150 ಡಿಗ್ರಿವರೆಗೆ ಕಾಯಿಸಿ, ಕಲಕದೆ ಬೇಗ ಆರಿಸಿದರೆ ಹರಳು ಕಟ್ಟಲು ಬಿಡುವಿಲ್ಲದೆ ಗಾಜಿನಂಥ ಮಿಠಾಯಿಯಾಗುತ್ತದೆ. ಅಚ್ಚಿಗೆ ಬೇಕಾದದ್ದು ಗಾಜಲ್ಲ, ಹರಳು. ಆದ್ದರಿಂದಲೇ ಹಾಲು ಹಾಕಿ ಕೊಳೆ ತೆಗೆದು ಸೋಸಿದ ಪಾಕವನ್ನು ಸ್ವಲ್ಪ ಸ್ವಲ್ಪವೇ ಚಿಕ್ಕ ಪಾತ್ರೆಗೆ ಬಗ್ಗಿಸಿಕೊಂಡು, ಚಮಚದ ಬೆನ್ನಿನಿಂದ ಪಾತ್ರೆಯ ಬದಿಗೆ ಉಜ್ಜುವುದು. ಉಜ್ಜಿದಲ್ಲಿ ಹುಟ್ಟಿದ ಸಣ್ಣ ಹರಳುಗಳು ಉಳಿದದ್ದನ್ನೂ ಎಳೆದುಕೊಳ್ಳುತ್ತವೆ. ಪಾಕ ಮಬ್ಬಾದ ಕ್ಷಣವೇ ಎರೆಯಬೇಕು. ತಡವಾದರೆ ಪಾತ್ರೆಯೇ ಅಚ್ಚು.

ಈ ಪ್ರಬಂಧ ಬರೆದವನ ಅಜ್ಜಿಗೆ ಥರ್ಮಾಮೀಟರು ಜ್ವರಕ್ಕೆ ಮಾತ್ರ ಗೊತ್ತಿದ್ದ ವಸ್ತು. ಚಮಚದ ಸದ್ದು ‘ದಪ್ಪವಾಯಿತು’ ಎನ್ನುವುದೇ ಆಕೆಯ ಅಳತೆ. ಒಂದು ವರ್ಷ ಮನೆಗೆ ಹೊಳೆಯುವ ಅಲ್ಯೂಮಿನಿಯಂ ಅಚ್ಚುಗಳು ಬಂದವು. ಅವುಗಳಲ್ಲಿ ಹೊರಮೈ ಬೇಗ ಬಿಗಿದು, ನಡುವೆ ಪಾಕ ಹಸಿಯಾಗಿಯೇ ಉಳಿದು, ಬಿಚ್ಚಿದಾಗ ಆನೆ ಎರಡು ತುಂಡಾಯಿತು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖವನ್ನು ಸಾಗಿಸುತ್ತದೆ. ಮರ ಜಿಪುಣ, ಬಿಸಿಯನ್ನು ಮೆಲ್ಲಗೆ ಬಿಡುತ್ತದೆ. ನೆನೆದಾಗ ಆ ಜಿಪುಣತನ ಸ್ವಲ್ಪ ಸಡಿಲವಾಗುತ್ತದಾದರೂ ಲೋಹದ ಧಾರಾಳ ಬರುವುದಿಲ್ಲ. ಈಗಿನ ಸಿಲಿಕೋನ್ ಅಚ್ಚೂ ಶಾಖದ ವಿಷಯದಲ್ಲಿ ಮರದ ಜಾತಿಯೇ. ಅಂಟದು, ಬಾಗುತ್ತದೆ, ನೆನೆಸುವ ಕೆಲಸವಿಲ್ಲ.

ಆಕಾರದ ಪಾತ್ರವೂ ಇದೆ. ಲೋಹದ ಎರಕದ ಬಗ್ಗೆ ನಿಕೊಲಾಸ್ ಖ್ವೊರಿನೊವ್ 1940ರಲ್ಲಿ ಒಂದು ಸೂತ್ರ ಕೊಟ್ಟ: ಗಟ್ಟಿಯಾಗುವ ಸಮಯವು ಗಾತ್ರವನ್ನು ಮೇಲ್ಮೈಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಕ್ಕೆ ಅನುಗುಣ. ಪಾಕ ಲೋಹವಲ್ಲ, ಆದರೂ ಹೋಲಿಕೆ ನಿಲ್ಲುತ್ತದೆ. ಗಿಳಿಯ ಬಾಲ ಮೊದಲು ಬಿಗಿಯುತ್ತದೆ, ಆನೆಯ ಹೊಟ್ಟೆ ಕೊನೆಗೆ. ಹತ್ತು ನಿಮಿಷ ಕಾಯದೆ, ಅಚ್ಚಿನ ತುಂಡುಗಳನ್ನು ಜೋಡಿಸಿ ಕಟ್ಟಿದ ದಾರ ಬಿಚ್ಚುವ ಮಕ್ಕಳಿಗೆ ಹೊಟ್ಟೆ ತೂತಾದ ಆನೆಯೇ ಸಿಗುವುದು.

ಮುರಿದವು ಹಾಳಲ್ಲ; ನೀರು ಹಾಕಿ ಮತ್ತೆ ಕಾಯಿಸಿದರೆ ಮತ್ತೆ ಪಾಕ. ನಿಂಬೆರಸ ಹೆಚ್ಚಾದ ಪಾಕ ಮಾತ್ರ ದಾರಿಗೆ ಬರುವುದಿಲ್ಲ. ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ, ಅವು ಹರಳಿಗೆ ಅಡ್ಡ ಬರುತ್ತವೆ. ಅಂಥ ಪಾಕ ಯಾವ ಅಚ್ಚಿಗೂ ಒಗ್ಗದೆ ಪಾನಕಕ್ಕೆ ಹೋಗುತ್ತದೆ.