ಬೆನ್ನುನೋವಿನ ಬಳಗ

ರೈತನು ದೇಶದ ಬೆನ್ನೆಲುಬೆಂದು ಭಾಷಣಗಳಲ್ಲಿ ಹೇಳುವವರುಂಟು. ಆ ರೈತನ ಬೆನ್ನೆಲುಬು ಹೇಗಿದೆಯೆಂದು ಕೇಳುವವರು ವಿರಳ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಸುತ್ತಿನ ಗದ್ದೆಗಳಲ್ಲಿ ಮಳೆಗಾಲದ ನಾಟಿಯನ್ನು ನೋಡಿದವರಿಗೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ಹೆಣ್ಣಾಳುಗಳು ಕೊಪ್ಪೆ ಹೊದ್ದು, ಕೆಸರಿನಲ್ಲಿ ಬಾಗಿ, ಸಸಿ ಊರುತ್ತ ಊರುತ್ತ ಹಿಂದೆ ಸರಿಯುತ್ತಾರೆ.

ಬೆನ್ನುನೋವು ನನಗೂ ಉಂಟು. ಅದು ಉತ್ತರಪತ್ರಿಕೆಗಳ ಮುಂದೆ ಕುಳಿತು ಗಳಿಸಿದ ಆಸ್ತಿ! ಕುಳಿತವನಿಗೂ ಬಾಗಿದವಳಿಗೂ ಒಂದೇ ಪ್ರಸಾದ. 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂದು ತಜ್ಞರ ಅಂದಾಜು. 2050ರ ವೇಳೆಗೆ ಆ ಸಂಖ್ಯೆ 84 ಕೋಟಿಯನ್ನು ದಾಟೀತಂತೆ. ಮನುಷ್ಯರನ್ನು ಅಶಕ್ತರನ್ನಾಗಿಸುವ ಕಾರಣಗಳಲ್ಲಿ ಇದಕ್ಕೇ ಅಗ್ರಸ್ಥಾನ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು.

ನೋವು ಒಂದೇ ಆದರೂ ಅದರ ಬೆಲೆ ಒಂದೇ ಅಲ್ಲ. ನಾನು ರಜೆಯ ಅರ್ಜಿ ಬರೆದು ಮಲಗಿದರೂ ಸಂಬಳ ನಿಲ್ಲದು. ಆಕೆ ಮಲಗಿದರೆ ಅಂದಿನ ಕೂಲಿಯೇ ಇಲ್ಲ. ಇನ್ನೊಂದು ವಿಚಿತ್ರ: ಈ ನೋವಿಗೆ ಗಾಯವಿಲ್ಲ, ಜ್ವರವಿಲ್ಲ, ಬಹುಪಾಲು ಪ್ರಸಂಗಗಳಲ್ಲಿ ಎಕ್ಸರೇಗೂ ನಿಶ್ಚಿತ ಕಾರಣ ಸಿಕ್ಕದು. ಆದ್ದರಿಂದ ನೊಂದವರಿಗೆ ಸೋಮಾರಿಯೆಂಬ ಬಿರುದು ಸುಲಭವಾಗಿ ದೊರೆಯುತ್ತದೆ.

ಹಾಸಿಗೆ ಹಿಡಿಯದೆ ಆದಷ್ಟು ಓಡಾಡಿಕೊಂಡಿರಬೇಕೆಂಬುದು ವೈದ್ಯರ ಇಂದಿನ ಸಲಹೆ. ಚಂದ್ರಗುತ್ತಿಯ ಗುಡ್ಡದ ಗುಹೆಯಲ್ಲಿ ನೆಲೆಸಿದ ರೇಣುಕಾಂಬೆಯ ದರ್ಶನಕ್ಕೆ ಮೆಟ್ಟಿಲೇರುವುದು ನನ್ನಂಥವನಿಗೆ ಒಳ್ಳೆಯ ಔಷಧವೇ. ದಿನವಿಡೀ ಗದ್ದೆಯಲ್ಲಿ ಬಾಗಿದವಳಿಗೆ ಆ ಸಲಹೆಯನ್ನು ಯಾವ ಬಾಯಿಂದ ಹೇಳೋಣ? ಅವಳಿಗೆ ಬೇಕಾದುದು ನಡುನಡುವೆ ಬೆನ್ನು ನೆಟ್ಟಗೆ ಮಾಡುವಷ್ಟು ಬಿಡುವು. ನೋವೆಂದಾಗ ನಂಬುವ ಮನೆಮಂದಿ. ನಮ್ಮ ಎಲೆಯ ಮೇಲಿನ ಅನ್ನ ಯಾರದೋ ಬಾಗಿದ ಬೆನ್ನಿನ ಋಣವಲ್ಲವೆ?